ಕಪಾಟಿನ ಮುಂದೆ ಒಂದು ಸಂಜೆ

ಹುಡುಕಿಕೊಂಡು ಹೋದ ಪುಸ್ತಕ ಇಂದು ಅಂಗಡಿಯಲ್ಲಿ ಸಿಗಲಿಲ್ಲ. ಅದರ ಜಾಗದ ಪಕ್ಕದಲ್ಲೇ, ಹೆಸರೂ ಕೇಳಿರದ ಇನ್ನೊಂದು ಕೈಗೆ ಬಂತು. ಬೆನ್ನು ಬಿಸಿಲಿಗೆ ಮಾಸಿತ್ತು, ಒಳಗಿನ ಹಾಳೆಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡಿದ್ದವು. ನಿಂತಲ್ಲೇ 12 ಪುಟ ಓದಿದೆ. ಮೊಬೈಲಿನಲ್ಲಿ ಇದನ್ನು ಏನೆಂದು ಹುಡುಕುತ್ತಿದ್ದೆ?

2007ರಲ್ಲಿ ಇ-ಪುಸ್ತಕ ಓದುವ ಸಾಧನ ಕಿಂಡಲ್ ಬಂದಾಗ ಪುಸ್ತಕದಂಗಡಿಗಳ ಕಥೆ ಮುಗಿಯಿತು ಎಂದವರು ಬಹಳ ಮಂದಿ. 2011ರಲ್ಲಿ ಅಮೆರಿಕದ ಪುಸ್ತಕ ಮಳಿಗೆಗಳ ಸರಣಿ ಬಾರ್ಡರ್ಸ್ ಮುಚ್ಚಿದಾಗ ನನಗೂ ಹಾಗೆಯೇ ಅನಿಸಿತ್ತು. ಆದರೆ ಅಲ್ಲಿಯದೇ ಇನ್ನೊಂದು ಸರಣಿ ಬಾರ್ನ್ಸ್ ಅಂಡ್ ನೋಬಲ್, 2019ರ ನಂತರ, ಯಾವ ಪುಸ್ತಕ ಇಡಬೇಕೆಂಬುದನ್ನು ಆಯಾ ಮಳಿಗೆಯವರಿಗೇ ಬಿಟ್ಟುಕೊಟ್ಟು ಚೇತರಿಸಿಕೊಂಡಿತು. ಓದುವ ಮನುಷ್ಯರು ಆರಿಸಿ ಜೋಡಿಸಿದ ಕಪಾಟನ್ನು ನಾನು ಮನಸಾರೆ ನಂಬುತ್ತೇನೆ. (ಪ್ರಯಾಣದಲ್ಲಿ ನನಗೂ ಇ-ಪುಸ್ತಕವೇ ಆಸರೆ.)

13ನೆಯ ಪುಟ ಈಗ ಮನೆಯಲ್ಲಿ, ದೀಪದ ಕೆಳಗೆ ತೆರೆದಿದೆ.