ಆಲಮಟ್ಟಿ ಹಿನ್ನೀರಿನ ದಂಡೆಯಲ್ಲಿ

ಬಾಗಲಕೋಟೆ ಜಿಲ್ಲೆಗೆ ಬರುವವರ ಪ್ರವಾಸದ ದಾರಿ ಹೆಚ್ಚುಕಡಿಮೆ ಒಂದೇ: ಬಾದಾಮಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ, ಸಂಜೆಗೆ ಆಲಮಟ್ಟಿಯ ಉದ್ಯಾನ. ಕಲ್ಲಿನಲ್ಲಿ ಉಳಿದ ಇತಿಹಾಸವನ್ನು ಕಣ್ತುಂಬ ನೋಡಿ ಹೋಗುತ್ತಾರೆ, ಸಂತೋಷ. ಆದರೆ ವಿಜಯಪುರದಿಂದ ಹುಬ್ಬಳ್ಳಿಯ ಕಡೆಗೆ ಹೋಗುವಾಗ ಕೊಲ್ಹಾರ ದಾಟಿದೊಡನೆ ಮೂರು ಕಿಲೋಮೀಟರಿನಷ್ಟು ಉದ್ದದ ಸೇತುವೆ ಸಿಗುತ್ತದೆ. ಎರಡೂ ಬದಿಗೆ ಕಣ್ಣು ಹಾಯುವವರೆಗೆ ನೀರು. "ಇದು ಯಾವ ಕೆರೆ?" ಎಂದು ಕೇಳಿ, ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಂಡು ಮುಂದೆ ಸಾಗುತ್ತಾರೆ. ಅದು ಕೆರೆಯಲ್ಲ, ಕೃಷ್ಣೆಗೆ ಆಲಮಟ್ಟಿಯಲ್ಲಿ ಕಟ್ಟಿದ ಅಣೆಕಟ್ಟಿನ ಹಿನ್ನೀರು. ಆ ನೀರಿನ ದಂಡೆಯ ಜನರ ಬಗ್ಗೆ, ನೀರಿನ ಕೆಳಗಿರುವ ಊರುಗಳ ಬಗ್ಗೆ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ನಾನು ಅಂಥ ಊರೊಂದರ ಮಗಳು.

ನಮ್ಮ ಊರು ಬೀಳಗಿ ತಾಲ್ಲೂಕಿನಲ್ಲಿ, ಕೃಷ್ಣೆಯ ದಂಡೆಯಲ್ಲಿತ್ತು. ಈಗ ಅದೇ ಹೆಸರಿನ ಊರು ಎತ್ತರದ ಮಡ್ಡಿಯ ಮೇಲಿದೆ. ಸರ್ಕಾರದ ಕಾಗದದಲ್ಲಿ ಅದು ಪುನರ್ವಸತಿ ಕೇಂದ್ರ, ನಮ್ಮವರ ಬಾಯಲ್ಲಿ ಆರ್.ಸಿ. ಹಳೆಯ ಊರಿನಲ್ಲಿ ಓಣಿಗಳು ಹೊಳೆಯ ಕಡೆಗೆ ಇಳಿಯುತ್ತಿದ್ದವು, ಆರ್.ಸಿ.ಯಲ್ಲಿ ರಸ್ತೆಗಳು ಹಗ್ಗ ಹಿಡಿದು ಎಳೆದಷ್ಟು ನೇರ, ಮನೆಗಳಿಗೆ ಸಂಖ್ಯೆ.

ಆಲಮಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರ ಮೇ 22ರಂದು. ಇಟ್ಟವರು ಲಾಲ್ ಬಹದ್ದೂರ್ ಶಾಸ್ತ್ರಿಯವರು. ಆಗ ಅವರಿನ್ನೂ ನೆಹರೂ ಸಂಪುಟದಲ್ಲಿ ಸಚಿವರಾಗಿದ್ದರು, ಮೂರು ವಾರದೊಳಗೆ ಪ್ರಧಾನಿಯಾದರು. ಜಲಾಶಯಕ್ಕೆ ಅವರದೇ ಹೆಸರು. ಕೆಳಗಿನ ನಾರಾಯಣಪುರದ ಅಣೆಕಟ್ಟು 1982ರಲ್ಲಿ ಮುಗಿಯಿತು. ಆಲಮಟ್ಟಿಯ ಕೆಲಸ ಮಾತ್ರ ಹಣದ ಕೊರತೆ, ಆಂಧ್ರದ ತಕರಾರು ಎಂದು ಕುಂಟುತ್ತಲೇ ಸಾಗಿತು. 2000ದ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ 519.60 ಮೀಟರ್ ಎತ್ತರಕ್ಕೆ ಒಪ್ಪಿಗೆ ಕೊಟ್ಟಿತು. 26 ಗೇಟುಗಳ, 123 ಟಿಎಂಸಿ ಅಡಿ ನೀರು ಹಿಡಿಯುವ ಜಲಾಶಯವನ್ನು 2006ರ ಆಗಸ್ಟ್‌ನಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ನಾಡಿಗೆ ಅರ್ಪಿಸಿದರು. ಅದರಿಂದ ಎಷ್ಟೋ ಒಣನೆಲ ಹಸಿರಾಗಿದೆ. ಕಾಲುವೆಯ ನೀರು ಕಂಡ ರೈತನ ಮುಖವನ್ನು ನೋಡಿದವಳು ನಾನು, ಅಣೆಕಟ್ಟು ಬೇಡವಾಗಿತ್ತು ಎಂದು ಹೇಳುವವಳಲ್ಲ.

ಆದರೆ ಅಡಿಗಲ್ಲಿಗೂ ನೀರಿಗೂ ನಡುವೆ ಮೂರೂವರೆ ದಶಕ ಕಳೆದವಲ್ಲ, ಆ ಕಾಲದ ಕಥೆಯನ್ನು ಯಾವ ವರದಿಯಲ್ಲಿಯೂ ನಾನು ಓದಿಲ್ಲ. ನಮ್ಮ ಅಪ್ಪ ಹುಡುಗನಾಗಿದ್ದಾಗ "ಊರು ಮುಳುಗುತ್ತದೆ" ಎಂಬ ಮಾತು ಶುರುವಾಯಿತು. ಅವನ ಮಕ್ಕಳು ಶಾಲೆ ಮುಗಿಸುವಾಗಲೂ ಅದೇ ಮಾತು. ಹೇಗೂ ಮುಳುಗುವ ಮನೆಗೆ ಗಿಲಾವು ಯಾಕೆ, ಹೊಸ ಮಾಳಿಗೆ ಯಾಕೆ? ಬಿದ್ದ ಗೋಡೆಯನ್ನು ಹಾಗೇ ಬಿಡುತ್ತಿದ್ದರು. ಹೆಣ್ಣು ಕೇಳಲು ಹೋದರೆ "ನಿಮ್ಮದು ಮುಳುಗಡೆಯ ಊರಲ್ಲವೇ?" ಎಂದು ಬೀಗರಾಗಬೇಕಾದವರು ಹಿಂದೆ ಸರಿಯುತ್ತಿದ್ದರು. ಒಂದು ತಲೆಮಾರು ಮೂಟೆ ಕಟ್ಟಿಟ್ಟುಕೊಂಡೇ ಬದುಕಿತು. ನೀರು ಬಂದು ಕಸಿದುಕೊಂಡದ್ದಕ್ಕಿಂತ, ಬರುತ್ತದೆ ಎಂಬ ಸುದ್ದಿಯೇ ಹೆಚ್ಚು ಕಸಿದುಕೊಂಡಿತು ಎಂದು ನನಗೆ ಅನ್ನಿಸುತ್ತದೆ.

ಹೊರಟಾಗ ಜನ ಏನು ಒಯ್ದರು ಎಂಬುದನ್ನು ಆರ್.ಸಿ.ಯಲ್ಲಿ ಈಗಲೂ ನೋಡಬಹುದು. ಸಿಮೆಂಟಿನ ಸಣ್ಣ ಮನೆ, ಅದರ ಮುಂದೆ ಎರಡು ತಲೆಮಾರಿನ ಸಾಗವಾನಿ ಬಾಗಿಲು. ಚೌಕಟ್ಟಿನ ಮೇಲುಪಟ್ಟಿಯ ನಡುವೆ ಗಣಪತಿ, ಎರಡು ಬದಿಗೆ ಗಿಳಿ, ಕೆಳಗೆ ಅರಿಸಿಣ ಕುಂಕುಮ ಬಳಿದು ಬಳಿದು ಗಟ್ಟಿಯಾದ ಹೊಸ್ತಿಲು. ನಮ್ಮ ಬಾಗಿಲು ಹೊಸ ಗೋಡೆಗಿಂತ ಎತ್ತರವಾಗಿತ್ತು. ಬಡಿಗರು ಕೆಳಗಿನಿಂದ ಒಂದು ಗೇಣು ಕತ್ತರಿಸೋಣ ಎಂದರು. ಮುತ್ಯಾ (ಅಜ್ಜ) ಒಪ್ಪಲಿಲ್ಲ, ಗೋಡೆಯನ್ನೇ ಒಂದು ವರಸೆ ಏರಿಸಿದರು. ತೊಲೆಗಳನ್ನು ಬಂಡಿಯಲ್ಲಿ ತಂದೆವು, ಒಳಕಲ್ಲು ತಂದೆವು, ತುಳಸಿಕಟ್ಟೆಯ ಕಲ್ಲು ತಂದೆವು.

ತರಲಾಗದೆ ಉಳಿದದ್ದು ಹಗೇವು. ಎಳೆಯರಿಗಾಗಿ ಹೇಳುತ್ತೇನೆ: ನಮ್ಮ ಕಡೆ ಜೋಳವನ್ನು ವರ್ಷಗಟ್ಟಲೆ ಇಡಲು ಓಣಿಯಲ್ಲೋ ಮನೆಯ ಮುಂದೋ ನೆಲದೊಳಗೆ ತೋಡಿದ ಕಣಜವದು. ಬಾಯಿ ಒಬ್ಬರು ಇಳಿಯುವಷ್ಟು, ಹೊಟ್ಟೆ ದೊಡ್ಡದು. ಒಳಗೆ ಹುಲ್ಲಿನ ಒಡ್ಡು ಕೊಟ್ಟು, ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ತೆಗೆಯುವ ದಿನ ಕಲ್ಲು ಸರಿಸಿ ಬಹಳ ಹೊತ್ತು ಹಾಗೇ ಬಿಡಬೇಕು, ಆಮೇಲೆ ಹಗ್ಗಕ್ಕೆ ಕಟ್ಟಿದ ದೀಪ ಇಳಿಸಿ ನೋಡಬೇಕು. ದೀಪ ಆರಿದರೆ ಯಾರೂ ಇಳಿಯಕೂಡದು, ಒಳಗಿನ ಗಾಳಿ ಮನುಷ್ಯನನ್ನು ಕೊಲ್ಲುತ್ತದೆ. ಬರಗಾಲದಲ್ಲಿ ಊರನ್ನು ಕಾಯ್ದದ್ದು ಆ ಹಗೇವುಗಳು. ಊರು ಬಿಡುವ ಮೊದಲು ಮುತ್ಯಾ ನಮ್ಮ ಹಗೇವಿನ ಜೋಳವನ್ನೆಲ್ಲ ತೆಗೆಸಿ, ಬರಿದಾದ ಬಾಯಿಗೆ ಮತ್ತೆ ಕಲ್ಲು ಮುಚ್ಚಿಸಿ, ಮಣ್ಣು ಮೆತ್ತಿಸಿಯೇ ಬಂದರು. ಪರಿಹಾರದ ಲೆಕ್ಕದಲ್ಲಿ ಮನೆಯ ಗೋಡೆಗೆ ದರವಿತ್ತು, ಮರಕ್ಕೆ ದರವಿತ್ತು. ನಮ್ಮ ಹಗೇವನ್ನು ಅಳೆಯಲು ಮಾತ್ರ ಯಾರೂ ಬರಲಿಲ್ಲ.

ಈ ಹಿನ್ನೀರು ತಿಂಗಳಿಗೊಂದು ರೂಪ ತಾಳುತ್ತದೆ. ಮಹಾಬಳೇಶ್ವರದ ಕಡೆ ಮಳೆ ಹಿಡಿದರೆ ನಮ್ಮಲ್ಲಿ ಹನಿ ಬೀಳದಿದ್ದರೂ ಜುಲೈ, ಆಗಸ್ಟ್‌ನಲ್ಲಿ ನೀರು ಏರುತ್ತದೆ. ಕಾಲುವೆಗೆ ಬಿಟ್ಟಂತೆ ಇಳಿಯುತ್ತ ಹೋಗಿ ಬೇಸಿಗೆಯಲ್ಲಿ ಹಳೆಯ ಗುಡಿಗಳ ಗೋಡೆ, ಬಾವಿಯ ಕಟ್ಟೆ ಹೊರಗೆ ಬರುತ್ತವೆ. ಕೂಡಲಸಂಗಮದಲ್ಲಿ ನಾರಾಯಣಪುರದ ನೀರಿನಿಂದ ಬಸವಣ್ಣನವರ ಐಕ್ಯಮಂಟಪವನ್ನು ಕಾಪಾಡಲು ಸುತ್ತಲೂ ಬಾವಿಯಂತೆ ದುಂಡನೆಯ ಎತ್ತರದ ಗೋಡೆ ಕಟ್ಟಿದ್ದಾರೆ. ನೀರಿನ ಮಟ್ಟಕ್ಕಿಂತ ಕೆಳಗೆ ಇಳಿದು ಕೈಮುಗಿದು ಬರುತ್ತೇವೆ. ಬಹಳ ಒಳ್ಳೆಯ ಕೆಲಸ. ನಮ್ಮ ಊರಿನ ಹಣಮಪ್ಪನಿಗೆ ಅಂಥ ಗೋಡೆ ಇರಲಿಲ್ಲ, ಮೂರ್ತಿಯನ್ನು ಎತ್ತಿಕೊಂಡು ಬಂದೆವು, ಗುಡಿ ಅಲ್ಲೇ ಉಳಿಯಿತು. ಕೃಷ್ಣಾ, ಘಟಪ್ರಭೆಗಳ ದಂಡೆಯ ಊರುಗಳಲ್ಲಿ ಅಂಥ ಎಷ್ಟು ಗುಡಿಗಳಿದ್ದವೋ! ಹರಿದಾಸ ಪರಂಪರೆಯ ಗಲಗಲಿ ಅವ್ವನವರ ಗಲಗಲಿ ಈ ದಂಡೆಯದೇ. ಬ್ರಿಟಿಷರ ಕಾಲದಲ್ಲಿ ಜಿಲ್ಲೆಯ ಮುಖ್ಯ ಪಟ್ಟಣವಾಗಿದ್ದು, 1885ರಲ್ಲಿ ಆ ಸ್ಥಾನವನ್ನು ವಿಜಯಪುರಕ್ಕೆ ಬಿಟ್ಟುಕೊಟ್ಟ ಕಲಾದಗಿಯೂ ಘಟಪ್ರಭೆಯ ದಂಡೆಯದೇ.

ನಮ್ಮ ಹಬ್ಬಗಳೂ ನೀರಿನ ಜೊತೆ ಜಾಗ ಬದಲಿಸಿದವು. ಎಳ್ಳಮಾವಾಸ್ಯೆಗೆ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವುದು, ಎಂದರೆ ಮಾಡಿದ ಅಡುಗೆಯನ್ನು ಎಡೆಯಾಗಿ ಹೊಲಕ್ಕೆ ಎರಚುವುದು, ಎರೆಭೂಮಿಯವರ ದೊಡ್ಡ ಹಬ್ಬ. ಹೊಳೆಸಾಲಿನ ನಮ್ಮ ಹೊಲ ನೀರಿನೊಳಗಿದೆ. ಅವ್ವ ಆದರೂ ಬಿಟ್ಟಿಲ್ಲ. ಸಜ್ಜೆರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಕಡುಬು ಎಲ್ಲವನ್ನೂ ಬುಟ್ಟಿಯಲ್ಲಿಟ್ಟುಕೊಂಡು ಹಿನ್ನೀರಿನ ಅಂಚಿಗೆ ಹೋಗುತ್ತಾಳೆ. ಹೊಲದ ಬದುವಿನ ಐದು ಕಲ್ಲುಗಳ ಬದಲು ದಂಡೆಯ ಐದು ಕಲ್ಲುಗಳಿಗೆ ಸುಣ್ಣ ಹಚ್ಚಿ ಪೂಜಿಸಿ, ಚರಗವನ್ನು ನೀರಿಗೆ ಚೆಲ್ಲುತ್ತಾಳೆ. ಮೊದಲ ಸಲ ಕಾಕಾ ತಡೆದಿದ್ದರು: "ಬೆಳೆ ಇಲ್ಲದಲ್ಲಿ ಚರಗ ಏನು, ವೈನಿ?" ಅವ್ವ ಹೇಳಿದಳು: "ಹೊಲ ಎಲ್ಲಿಗೂ ಹೋಗಿಲ್ಲ. ನಾವು ಹೋಗಿದ್ದೇವೆ." ಈಗ ಕಾಕಾನೇ ಬುಟ್ಟಿ ಹೊರುತ್ತಾರೆ.

ಕೊಲ್ಹಾರದ ಮೊಸರಿನ ಬಗ್ಗೆ ಬರೆಯದಿದ್ದರೆ ಈ ದಂಡೆಯ ಮಾತು ಅರ್ಧವೇ. ಹಳೆಯ ಕೊಲ್ಹಾರವೂ ಮುಳುಗಿತು, ಊರು ಮೇಲೆ ಬಂದಿತು, ಮೊಸರು ಜೊತೆಯಲ್ಲೇ ಬಂದಿತು. ಎಮ್ಮೆಯ ಹಾಲನ್ನು ಚೆನ್ನಾಗಿ ಕಾಯಿಸಿ, ಸಣ್ಣ ಮಣ್ಣಿನ ಗಡಿಗೆಗಳಲ್ಲಿ ಹೆಪ್ಪು ಹಾಕುತ್ತಾರೆ. ಮಣ್ಣು ನೀರಿನಂಶವನ್ನು ಹೀರಿಕೊಳ್ಳುವುದರಿಂದ ಮೊಸರು ಗಟ್ಟಿಯಾಗಿ ನಿಲ್ಲುತ್ತದೆ, ಮೇಲೆ ದಪ್ಪ ಕೆನೆ. ಬಟ್ಟೆಯಲ್ಲಿ ಕಟ್ಟಿಕೊಂಡು ಒಯ್ಯಬಹುದು ಎಂದು ಹಿರಿಯರು ಹೇಳುತ್ತಾರೆ. ಬಸ್ ನಿಂತೊಡನೆ ಕಿಟಕಿಯ ಹತ್ತಿರ ಬುಟ್ಟಿ ಬರುತ್ತದೆ. ಕೊಳ್ಳುವವರು ಗಡಿಗೆಯನ್ನು ಸ್ವಲ್ಪ ಓರೆ ಮಾಡಿ ನೋಡಬೇಕು. ಕೆನೆಯ ಅಂಚು ಗಡಿಗೆಯನ್ನು ಬಿಡದೆ ಹಿಡಿದಿದ್ದರೆ ತೆಗೆದುಕೊಳ್ಳಿ. ಸಕ್ಕರೆ ಬೇಡ, ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಜೊತೆ ತಿನ್ನಿ.

ಬಾಗಲಕೋಟೆ ಪಟ್ಟಣದ್ದು ಬೇರೆ ಕಥೆ. ಪೇಶ್ವೆಗಳ ಕಾಲದಲ್ಲಿ ಟಂಕಸಾಲೆ ಇದ್ದ ಪೇಟೆ ಅದು. ತಗ್ಗಿನ ಭಾಗ ಮುಳುಗಿ, ಜನ ನವನಗರದ ಸೆಕ್ಟರುಗಳಿಗೆ ಹೋದರು. ಆ ನವನಗರದ ಯೋಜನೆಯಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಕೈಯಿದೆ. ಅಗಲವಾದ ರಸ್ತೆ, ಗಿಡಮರ, ಎಲ್ಲವೂ ಚೆನ್ನಾಗಿದೆ, ನಾನು ಅಲ್ಲೇ ಬಾಳುತ್ತಿದ್ದೇನೆ. ಆದರೆ ಹೋಳಿ ಬಂದರೆ ನಮ್ಮ ಕಾಲು ಹಳೆಯ ಪೇಟೆಯ ಕಡೆಗೇ ಎಳೆಯುತ್ತವೆ. ಕಿಲ್ಲಾ, ಹೊಸಪೇಟೆ, ಜೈನಪೇಟೆ ಎಂದು ಓಣಿಯವರು ಸರದಿಯ ಮೇಲೆ ಬಣ್ಣದ ಬಂಡಿ ಹೊರಡಿಸುವುದನ್ನು, ಹಲಗೆಯ ಸದ್ದಿಗೆ ಗೋಡೆ ನಡುಗುವುದನ್ನು ಸೆಕ್ಟರಿನಲ್ಲಿ ಕಟ್ಟಲಾಗುವುದಿಲ್ಲ.

ನೀರು ತಂದದ್ದೂ ಇದೆ. ಚಳಿಗಾಲ ಮುಗಿದು ನೀರು ಸರಿಯತೊಡಗಿದಾಗ ಹೆರಕಲ್, ಅನಗವಾಡಿಯ ಕಡೆ ತೆಳುನೀರಿನಲ್ಲಿ ರಾಜಹಂಸಗಳು ಇಳಿಯುತ್ತವೆ. ತಲೆ ತಿರುವುಮುರುವು ಮಾಡಿ ಬಾಗಿದ ಕೊಕ್ಕನ್ನು ಅದ್ದಿ, ನಾಲಗೆಯಿಂದ ನೀರನ್ನು ಒತ್ತಿ ಹೊರಹಾಕುತ್ತ ಸಣ್ಣ ಜೀವಿಗಳನ್ನೂ ಪಾಚಿಯನ್ನೂ ಸೋಸಿ ತಿನ್ನುತ್ತವೆ. ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳೂ ಇಲ್ಲಿ ಚಳಿಗಾಲ ಕಳೆಯುತ್ತವೆ, ಕಡಲೆಯ ಹೊಲಕ್ಕೆ ನುಗ್ಗಿ ರೈತರಿಂದ ಬೈಸಿಕೊಳ್ಳುತ್ತವೆ. ದಯವಿಟ್ಟು ಚಿತ್ರಕ್ಕಾಗಿ ಅವುಗಳನ್ನು ಓಡಿಸಬೇಡಿ.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ಎರಡನೆಯ ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರ ಡಿಸೆಂಬರ್‌ನಲ್ಲಿ ಜಲಾಶಯದ ಮಟ್ಟವನ್ನು 524.256 ಮೀಟರಿಗೆ ಏರಿಸಲು ಅನುಮತಿ ಕೊಟ್ಟಿದೆ. ಅದು ಜಾರಿಯಾದ ದಿನ ಇನ್ನೂ ಸುಮಾರು 20 ಹಳ್ಳಿಗಳು, ಬಾಗಲಕೋಟೆಯ ಕೆಲವು ವಾರ್ಡುಗಳು ಏಳಬೇಕಾಗುತ್ತದೆ. ಆ ಊರುಗಳಲ್ಲಿ ಈಗ ಅದೇ ಹಳೆಯ ಕಾಯುವಿಕೆ: ಮನೆ ಕಟ್ಟಲೋ ಬೇಡವೋ, ಬಾವಿ ತೋಡಲೋ ಬೇಡವೋ. ಪರಿಹಾರದ ಹೋರಾಟವನ್ನು ತಿಳಿದವರು ಮಾಡುತ್ತಿದ್ದಾರೆ, ಅದು ನ್ಯಾಯವಾಗಿ ಮುಗಿಯಲಿ. ನಾನು ಕೇಳುತ್ತಿರುವುದು ಅದರ ಜೊತೆಗೆ ನಡೆಯಬೇಕಾದ ಇನ್ನೊಂದು ಕೆಲಸ. ಕಚೇರಿಯ ಕಡತದಲ್ಲಿ ಸರ್ವೆ ನಂಬರ್ ಉಳಿಯುತ್ತದೆ. ಹುಣಸೆಮರದ ಪಟ್ಟಿ, ಹೊಳೆಸಾಲ ಹೊಲ, ಗುಡಿಯ ಹಿಂದಿನ ಮಡ್ಡಿ ಎಂಬವು ಉಳಿಯುವುದಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಅವ್ವ, ಕಾಕಾರನ್ನು ಕರೆದುಕೊಂಡು ಹೋಗಿ ನಮ್ಮ ಊರಿನ ನಕ್ಷೆಯನ್ನು ಬರೆಯುತ್ತಿದ್ದೇನೆ. ಯಾವ ಮನೆ ಯಾರದು ಎಂಬುದರಲ್ಲಿ ಇಬ್ಬರಿಗೂ ಜಗಳವಾದಾಗ ಎರಡನ್ನೂ ಬರೆದುಕೊಳ್ಳುತ್ತೇನೆ.

ಮುಳುಗಿದ ಅಥವಾ ಮುಳುಗಲಿರುವ ಊರಿನವರು ನೀವಾಗಿದ್ದರೆ, ಮನೆಯ ಹಿರಿಯರನ್ನು ಕೂರಿಸಿಕೊಂಡು ಇದನ್ನೇ ಮಾಡಿ. ಮೊದಲು ಹೊಳೆ ಯಾವ ದಿಕ್ಕಿಗಿತ್ತು ಎಂದು ಕೇಳಿ, ಆಮೇಲೆ ಗುಡಿ, ಬಾವಿ, ಓಣಿಗಳು, ಹಗೇವುಗಳು, ಕೊನೆಗೆ ಹೊಲಗಳ ಹೆಸರು ಮತ್ತು ಆಚೀಚೆಯ ಬದುವಿನವರು. ಅಳತೆ ತಪ್ಪಿದರೂ ಚಿಂತೆಯಿಲ್ಲ. ಬರೆದ ಹಾಳೆಯ ಒಂದು ಪ್ರತಿ ನಿಮ್ಮಲ್ಲಿರಲಿ, ಇನ್ನೊಂದನ್ನು ಊರಿನ ಶಾಲೆಗೆ ಕೊಡಿ, ಸಾಧ್ಯವಾದರೆ ನನಗೂ ಕಳುಹಿಸಿ. ಬಂದವುಗಳನ್ನು ಊರುವಾರು ಜೋಡಿಸಿ ಇಲ್ಲಿಯೇ ಹಾಕುತ್ತೇನೆ.