ವಿಮಾನ ಕಾಣುತ್ತದೆ, ಲೆಕ್ಕದ ಪುಸ್ತಕ ಕಾಣುವುದಿಲ್ಲ

ಫೋರ್ಟ್‌ವರ್ತ್ ದಾಟಿ ವಾಯವ್ಯದ ಕಡೆ ಹೊರಟರೆ ಈಗಲ್ ಮೌಂಟನ್ ಎಂಬ ದೊಡ್ಡ ಕೆರೆ ಸಿಗುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಮರೀನ್ ಪಡೆ ಅದರ ದಡದಲ್ಲೊಂದು ವಿಮಾನ ನೆಲೆ ಕಟ್ಟಿತ್ತು. ಇವತ್ತು ಆ ಜಾಗ ಕೆನೆತ್ ಕೋಪ್ಲೆಂಡ್ ಎಂಬ ಟೀವಿ ಬೋಧಕರ ಸಂಸ್ಥೆಯದು. ಚರ್ಚು, ಟೀವಿ ಸ್ಟುಡಿಯೋ, ಕಚೇರಿ ಎಲ್ಲ ಅಲ್ಲೇ. ರನ್‌ವೇಯೂ ಉಂಟು, ವಿಮಾನವೂ ಉಂಟು. ನಟ ಟೈಲರ್ ಪೆರ್ರಿಯವರಿಂದ ಗಲ್ಫ್‌ಸ್ಟ್ರೀಮ್ 5 ಜೆಟ್ ಕೊಂಡೆವೆಂದು 2018ರಲ್ಲಿ ಅವರೇ ಸಂತೋಷದಿಂದ ಹೇಳಿಕೊಂಡರು. ಅದಕ್ಕೂ ಮೊದಲು, ಎಲ್ಲರೂ ಹತ್ತುವ ವಿಮಾನವೆಂದರೆ ದೆವ್ವಗಳು ತುಂಬಿದ ಉದ್ದನೆಯ ಕೊಳವೆ, ಅದರಲ್ಲಿ ಕೂತು ಪ್ರಾರ್ಥನೆ ಮಾಡಲಾಗದು ಎಂಬರ್ಥದ ಮಾತನ್ನೂ ಆಡಿದ್ದರು. ಬೆಂಗಳೂರಿಗೆ ಬರಲು ಎರಡು ವಿಮಾನ ಬದಲಿಸಿ, ಮಧ್ಯದ ಸೀಟಿನಲ್ಲಿ ಮುದುಡಿ ಕೂರುವ ನಮ್ಮಂಥವರಿಗೆ ಈ ಮಾತನ್ನು ಪೂರ್ತಿ ತಳ್ಳಿಹಾಕಲು ಮನಸ್ಸು ಬರುವುದಿಲ್ಲ ಬಿಡಿ.

ಊರಿನಿಂದ ವಾಟ್ಸಾಪಿನಲ್ಲಿ ನನಗೆ ಬರುವುದೆಲ್ಲ ಇಂಥವೇ. ಲೂಸಿಯಾನದ ಜೆಸ್ಸಿ ಡುಪ್ಲಾಂಟಿಸ್ 2018ರಲ್ಲಿ 5.4 ಕೋಟಿ ಡಾಲರಿನ ಫಾಲ್ಕನ್ ಜೆಟ್ಟಿಗಾಗಿ ಭಕ್ತರನ್ನು ಕೇಳಿದ್ದು, ಅದು ಅವರ ನಾಲ್ಕನೆಯ ಜೆಟ್ ಎನ್ನುವುದು. ಜಾರ್ಜಿಯಾದ ಕ್ರೆಫ್ಲೋ ಡಾಲರ್ (ಹೌದು, ಹುಟ್ಟಿನಿಂದ ಬಂದ ಹೆಸರೇ) 2015ರಲ್ಲಿ ಎರಡು ಲಕ್ಷ ಜನ ತಲಾ 300 ಡಾಲರ್ ಕೊಟ್ಟರೆ ಗಲ್ಫ್‌ಸ್ಟ್ರೀಮ್ 650 ಬರುತ್ತದೆಂದು ಲೆಕ್ಕ ಹಾಕಿ ತೋರಿಸಿದ್ದು. ಕಳಿಸಿದವರು ಕೆಳಗೆ ನಗುವ ಮುಖ ಹಾಕಿ, "ನಿಮ್ಮ ಅಮೆರಿಕದ ಪಾಸ್ಟರ್‌ಗಳು!" ಎಂದು ಬರೆದಿರುತ್ತಾರೆ. ನನ್ನದು ಉಡುಪಿಯ ಕಡೆಯ ಬಾಸೆಲ್ ಮಿಶನ್ ಕ್ರೈಸ್ತ ಮನೆತನ. ಹಾಗಾಗಿ ಅಮೆರಿಕದ ಪಾಸ್ಟರ್‌ಗಳೆಲ್ಲರಿಗೂ ಉತ್ತರ ಕೊಡುವ ಜವಾಬ್ದಾರಿ ನನ್ನದೇ ಎಂದು ನೆಂಟರಿಷ್ಟರು ಯಾವತ್ತೋ ತೀರ್ಮಾನಿಸಿಬಿಟ್ಟಿದ್ದಾರೆ.

ನನಗೆ ಜೆಟ್ಟಿನ ಮೇಲೆ ಅಷ್ಟು ಸಿಟ್ಟಿಲ್ಲ. ಸಿಟ್ಟಿರುವುದು ಬೇರೆ ಕಡೆ, ಅದು ನನ್ನ ಕೆಲಸದಿಂದ ಬಂದದ್ದು.

ಡಲ್ಲಾಸ್ ಹೊರವಲಯದಲ್ಲಿ ಬಡವರಿಗೆ ದಿನಸಿ ಹಂಚುವ ಒಂದು ಚಿಕ್ಕ ಸಂಸ್ಥೆಯ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ದಾನದ ಮೇಲೆ ನಡೆಯುವ ಇಂಥ ಸಂಸ್ಥೆಗಳು ವರ್ಷಕ್ಕೊಮ್ಮೆ ಐಆರ್‌ಎಸ್‌ಗೆ, ಅಂದರೆ ಇಲ್ಲಿನ ತೆರಿಗೆ ಇಲಾಖೆಗೆ, ಫಾರ್ಮ್ 990 ಕೊಡಬೇಕು. ಅದು ಬರೀ ಇಲಾಖೆಯ ಕಪಾಟಿನಲ್ಲಿ ಕೂರುವ ಕಾಗದವಲ್ಲ, ಯಾರು ಬೇಕಾದರೂ ತೆರೆದು ಓದಬಹುದು. ನಮ್ಮ ನಿರ್ದೇಶಕಿಯ ಸಂಬಳ ಎಷ್ಟು, ಆಡಳಿತ ಮಂಡಳಿಯಲ್ಲಿ ಯಾರು ಯಾರಿಗೆ ನೆಂಟರು, ಎಲ್ಲ ಅದರಲ್ಲಿರುತ್ತದೆ. ದೊಡ್ಡ ಸಂಬಳ ಕೊಡುವ ಸಂಸ್ಥೆಗಳಿಗೆ 'ಶೆಡ್ಯೂಲ್ ಜೆ' ಎಂಬ ಬಾಲವೂ ಉಂಟು. ಅದರ ಮೊದಲ ಪ್ರಶ್ನೆಯಲ್ಲೇ ಚೌಕಗಳ ಸಾಲು: ಫಸ್ಟ್ ಕ್ಲಾಸ್ ಅಥವಾ ಬಾಡಿಗೆ ವಿಮಾನದಲ್ಲಿ ಓಡಾಡಿದಿರಾ, ಜೊತೆಗೆ ಮನೆಯವರನ್ನು ಕರೆದೊಯ್ದಿರಾ, ಮನೆ ಕೊಟ್ಟಿದ್ದೀರಾ, ಕ್ಲಬ್ಬಿನ ಶುಲ್ಕ ಕಟ್ಟಿದಿರಾ, ಕೆಲಸದವರು, ಡ್ರೈವರ್, ಅಡುಗೆಯವರ ಖರ್ಚು ಹೊತ್ತಿರಾ. ಯಾರೋ ಒಬ್ಬ ಅನುಭವಸ್ಥ ಗುಮಾಸ್ತ, ದಾನದ ದುಡ್ಡು ಎಲ್ಲೆಲ್ಲಿ ಸೋರುತ್ತದೆಂದು ಕೂತು ಪಟ್ಟಿ ಮಾಡಿದಂತಿದೆ.

ಚರ್ಚುಗಳಿಗೆ ಇದು ಯಾವುದೂ ಇಲ್ಲ. ಫಾರ್ಮ್ 990 ಬೇಡ, ತೆರಿಗೆ ವಿನಾಯಿತಿಗೆ ಅರ್ಜಿಯೂ ಬೇಡ. ನೀವು ಚರ್ಚು ಎಂದಾದರೆ ವಿನಾಯಿತಿ ತಾನಾಗಿ ಬರುತ್ತದೆ. ಚರ್ಚು ಎಂದರೆ ಯಾವುದು? ಕಾಯಿದೆಯಲ್ಲಿ ಅದರ ವ್ಯಾಖ್ಯೆಯೇ ಇಲ್ಲ. ಐಆರ್‌ಎಸ್ ಹದಿನಾಲ್ಕು ಲಕ್ಷಣಗಳ ಒಂದು ಪಟ್ಟಿ ಇಟ್ಟುಕೊಂಡಿದೆ: ಕಟ್ಟಡ, ನಿಯಮಿತ ಆರಾಧನೆ, ಸದಸ್ಯರು, ದೀಕ್ಷೆ ಪಡೆದ ಬೋಧಕರು ಇತ್ಯಾದಿ. ಎಲ್ಲವೂ ಇರಲೇಬೇಕೆಂದಿಲ್ಲ. ಟೀವಿ ಕಂಪನಿಯೂ ಚರ್ಚಿನ ಹೆಸರಿನೊಳಗೆ ಆರಾಮಾಗಿ ಹಿಡಿಸುತ್ತದೆ. ಹೆಸರಾಂತ ಸುವಾರ್ತಾ ಬೋಧಕ ಬಿಲ್ಲಿ ಗ್ರಹಾಂ ಅವರು 1948ರಲ್ಲೇ ಕ್ಯಾಲಿಫೋರ್ನಿಯಾದ ಮೊಡೆಸ್ಟೋದಲ್ಲಿ ಗೆಳೆಯರ ಜೊತೆ ಕೂತು, ಹಣದ ವಿಷಯದಲ್ಲಿ ಹೇಗಿರಬೇಕೆಂದು ತಮಗೆ ತಾವೇ ಕಟ್ಟು ಹಾಕಿಕೊಂಡವರು. ಸಭೆಯಲ್ಲಿ ಎತ್ತಿದ ಕಾಣಿಕೆಯ ಬದಲು ಮಂಡಳಿ ಗೊತ್ತುಮಾಡಿದ ಸಂಬಳ ಪಡೆದವರು. ಅವರ ಸಂಸ್ಥೆಯೇ ಕೆಲವು ವರ್ಷಗಳ ಹಿಂದೆ 'ಚರ್ಚುಗಳ ಒಕ್ಕೂಟ' ಎಂದು ವರ್ಗ ಬದಲಿಸಿಕೊಂಡು ಫಾರ್ಮ್ 990ರಿಂದ ಹೊರಬಂದಿತು. ಅವರಲ್ಲಿ ತಪ್ಪು ನಡೆದಿದೆ ಎಂದು ನಾನು ಹೇಳುತ್ತಿಲ್ಲ. ಬಾಗಿಲು ಎಷ್ಟು ಸಲೀಸು ಎಂದಷ್ಟೇ.

ಮನೆಯ ವಿಷಯವೂ ಹಾಗೆಯೇ. ಸಭಾಪಾಲಕರಿಗೆ ಚರ್ಚು ಕೊಡುವ ಮನೆಗೆ ಆದಾಯ ತೆರಿಗೆ ಬೇಡವೆಂಬ ನಿಯಮ 1921ರಷ್ಟು ಹಳೆಯದು. 1954ರಲ್ಲಿ ನಗದು ಭತ್ಯೆಗೂ ಅದೇ ರಿಯಾಯಿತಿ ಸಿಕ್ಕಿತು. ಮೂರು ಕೋಣೆಯ ಮನೆಯಲ್ಲಿ ಸಂಸಾರ ತೂಗಿಸುವ ಹಳ್ಳಿಯ ಪಾಸ್ಟರ್‌ಗೆ ಅದು ನ್ಯಾಯವೇ. ಟೆಕ್ಸಸ್ ರಾಜ್ಯದ ಆಸ್ತಿ ತೆರಿಗೆಯಲ್ಲೂ ಇಂಥದ್ದೇ ವಿನಾಯಿತಿ ಇದೆ. ಆ ಲೆಕ್ಕದಲ್ಲೇ ಈಗಲ್ ಮೌಂಟನ್ ಕೆರೆಯ ದಡದಲ್ಲಿ 18,000 ಚದರಡಿಯ, ಸುಮಾರು 70 ಲಕ್ಷ ಡಾಲರ್ ಬೆಲೆಯ ಕೋಪ್ಲೆಂಡ್ ಅವರ ಮನೆಗೂ ಆಸ್ತಿ ತೆರಿಗೆ ಇಲ್ಲವೆಂದು 2021ರಲ್ಲಿ ಹ್ಯೂಸ್ಟನ್ ಕ್ರಾನಿಕಲ್ ಪತ್ರಿಕೆ ಬರೆಯಿತು. ಟೆಕ್ಸಸ್‌ನಲ್ಲಿ ಮನೆ ಮಾಡಿ ವರ್ಷಕ್ಕೊಮ್ಮೆ ಆ ತೆರಿಗೆಯ ಚೀಟಿ ನೋಡಿದವರಿಗೆ ಇದು ಎಲ್ಲಿ ಚುಚ್ಚುತ್ತದೆಂದು ವಿವರಿಸಬೇಕಿಲ್ಲ.

"ಹಾಗಾದರೆ ಯಾರೂ ಸಿಕ್ಕಿಬಿದ್ದಿಲ್ಲವಾ?" ಎಂದು ಕೇಳುತ್ತೀರಿ. ಬಿದ್ದಿದ್ದಾರೆ. ಜಿಮ್ ಬೇಕರ್ ಕಥೆ ನಮ್ಮ ಹಿರಿಯರಲ್ಲಿ ಕೆಲವರಿಗೆ ನೆನಪಿರಬಹುದು. ಗಂಡ ಹೆಂಡತಿ ಇಬ್ಬರೂ ಟೀವಿಯಲ್ಲಿ ಅಳುತ್ತಾ ನಗುತ್ತಾ ಪಿಟಿಎಲ್ ಎಂಬ ಕಾರ್ಯಕ್ರಮ ನಡೆಸುತ್ತಿದ್ದರು. ಸೌತ್ ಕ್ಯಾರೊಲಿನಾದಲ್ಲಿ 'ಹೆರಿಟೇಜ್ ಯುಎಸ್‌ಎ' ಎಂಬ ಕ್ರೈಸ್ತ ಮೋಜಿನ ನಗರಿಯನ್ನೇ ಕಟ್ಟಿದರು. ಅವರ ನಾಯಿಗೂಡಿಗೆ ಏಸಿ ಹಾಕಿಸಿದ್ದು ದೇಶಕ್ಕೆಲ್ಲ ಗೊತ್ತಾದ ಸುದ್ದಿ. ಆದರೆ ಅವರು ಜೈಲಿಗೆ ಹೋದದ್ದು ನಾಯಿಗೂಡಿನಿಂದಲ್ಲ. 1,000 ಡಾಲರ್ ಕೊಟ್ಟರೆ ಜೀವನಪೂರ್ತಿ ವರ್ಷಕ್ಕೆ ಮೂರು ರಾತ್ರಿ ನಮ್ಮ ಹೋಟೆಲಿನಲ್ಲಿ ಉಚಿತ ವಾಸ ಎಂದರು. 25,000 ಜನರಿಗಷ್ಟೇ ಎಂದು ಹೇಳಿ 60,000ಕ್ಕೂ ಹೆಚ್ಚು ಜನರಿಂದ ಹಣ ತೆಗೆದುಕೊಂಡರು. ಇಂಥ ಸದಸ್ಯತ್ವಗಳಿಂದ ಒಟ್ಟು 15.8 ಕೋಟಿ ಡಾಲರ್ ಬಂತು, ಅದರಲ್ಲಿ 37 ಲಕ್ಷ ಬೇಕರ್ ಅವರ ಸುಖಕ್ಕೆ ಹೋಯಿತೆಂದು ಸರಕಾರ ವಾದಿಸಿತು. 1987ರಲ್ಲಿ ಹಗರಣ ಹೊರಬಿತ್ತು. ವರ್ಷಗಟ್ಟಲೆ ಇವರ ಹಣದ ಜಾಡು ಹಿಡಿದಿದ್ದ ಷಾರ್ಲಟ್ ಅಬ್ಸರ್ವರ್ ಪತ್ರಿಕೆಗೆ 1988ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. 1989ರಲ್ಲಿ ಬೇಕರ್ ಅವರಿಗೆ 24 ಆರೋಪಗಳಲ್ಲಿ 45 ವರ್ಷದ ಶಿಕ್ಷೆ. ಅದು ಮೇಲ್ಮನವಿಯ ನಂತರ ಇಳಿದು, ಐದು ವರ್ಷದೊಳಗೆ, 1994ರಲ್ಲಿ ಹೊರಬಂದರು. ಮತ್ತೆ ಟೀವಿಗೂ ಬಂದರು. 2020ರಲ್ಲಿ, ಕೋವಿಡ್ ಕಾಲದಲ್ಲಿ, ಬೆಳ್ಳಿಯ ದ್ರಾವಣವನ್ನು ಆ ರೋಗಕ್ಕೆ ಮದ್ದೆಂಬಂತೆ ಮಾರಿದ್ದಕ್ಕೆ ಮಿಸೌರಿ ಸರಕಾರ ಕೋರ್ಟಿಗೆಳೆಯಿತು.

ನನ್ನ ಕಸುಬಿನವರು ಇದರಲ್ಲಿ ನೋಡಬೇಕಾದ್ದು ಒಂದೇ. ಹೋಟೆಲ್ ರೂಮು ಕೊಡುತ್ತೇನೆಂದು ಬರೆದುಕೊಟ್ಟದ್ದರಿಂದ ಮೋಸ ಸಾಬೀತಾಯಿತು. ರೂಮನ್ನು ಎಣಿಸಬಹುದು. "ಬೀಜ ಬಿತ್ತಿ, ದೇವರು ನೂರರಷ್ಟು ಕೊಡುತ್ತಾನೆ" ಎಂದಷ್ಟೇ ಹೇಳಿದ್ದರೆ ಯಾವ ಕೋರ್ಟು ಏನನ್ನು ಎಣಿಸಬೇಕಿತ್ತು? ಆಮೇಲಿನವರು ಈ ಪಾಠವನ್ನು ಚೆನ್ನಾಗಿಯೇ ಕಲಿತರು.

2007ರ ನವೆಂಬರಿನಲ್ಲಿ ಅಯೋವಾದ ಸೆನೆಟರ್ ಚಕ್ ಗ್ರಾಸ್ಲಿ ಟೀವಿ ಬೋಧಕರ ಆರು ಸಂಸ್ಥೆಗಳಿಗೆ ಪತ್ರ ಬರೆದರು. ಕೋಪ್ಲೆಂಡ್, ಕ್ರೆಫ್ಲೋ ಡಾಲರ್, ಬೆನ್ನಿ ಹಿನ್, ಎಡ್ಡಿ ಲಾಂಗ್, ಜಾಯ್ಸ್ ಮಾಯರ್, ಪೌಲಾ ವೈಟ್. ಎಲ್ಲರಿಗೂ ಪ್ರಶ್ನೆ ಅದೇ ಜಾತಿಯದು: ಸಂಬಳ, ಮನೆ, ವಿಮಾನ, ಕ್ರೆಡಿಟ್ ಕಾರ್ಡ್. ಗ್ರಾಸ್ಲಿ ಧರ್ಮವಿರೋಧಿಯಲ್ಲ, ರಿಪಬ್ಲಿಕನ್ ಪಕ್ಷದವರು, ಸ್ವತಃ ಬ್ಯಾಪ್ಟಿಸ್ಟ್. ಮಾಯರ್ ಮತ್ತು ಹಿನ್ ಸಂಸ್ಥೆಗಳು ಉತ್ತರ ಕೊಟ್ಟು, ಆಡಳಿತದಲ್ಲಿ ಬದಲಾವಣೆ ಮಾಡಿಕೊಂಡೆವೆಂದವು. ಉಳಿದ ನಾಲ್ಕು ಪೂರ್ತಿ ಮಾಹಿತಿ ಕೊಡಲೇ ಇಲ್ಲ. 2011ರ ಜನವರಿಯಲ್ಲಿ ವರದಿ ಬಂತು. ಯಾರಿಗೂ ದಂಡವಿಲ್ಲ, ಯಾರನ್ನೂ ತಪ್ಪಿತಸ್ಥರೆಂದೂ ಹೇಳಲಿಲ್ಲ. ಹೊಸ ಕಾನೂನಿಗಿಂತ ಚರ್ಚುಗಳೇ ತಮ್ಮನ್ನು ತಿದ್ದಿಕೊಳ್ಳಲಿ ಎಂಬ ಧಾಟಿ. ಸಲಹೆ ಕೇಳಿದ್ದು ಇಸಿಎಫ್‌ಎ ಎಂಬ ಸಂಸ್ಥೆಯನ್ನು. ಅದು 1979ರಲ್ಲಿ ಸುವಾರ್ತಾ ಸಂಸ್ಥೆಗಳೇ ಸೇರಿ ಕಟ್ಟಿಕೊಂಡದ್ದು. ಸದಸ್ಯರಾದವರು ಲೆಕ್ಕ ತೋರಿಸಬೇಕು, ಆದರೆ ಸದಸ್ಯರಾಗಲೇಬೇಕೆಂಬ ಒತ್ತಾಯವಿಲ್ಲ. ಜಾಯ್ಸ್ ಮಾಯರ್ 2009ರಲ್ಲಿ ಸೇರಿದರು. ಲೆಕ್ಕ ಮುಚ್ಚಿಡಬೇಕೆನ್ನುವವರು ಯಾಕೆ ಸೇರುತ್ತಾರೆ?

ಐಆರ್‌ಎಸ್ ಏನು ಮಾಡುತ್ತಿತ್ತು ಎನ್ನುವುದು ಇನ್ನೂ ರುಚಿಯಾದ ಕಥೆ. ಚರ್ಚೊಂದರ ತಪಾಸಣೆ ಶುರು ಮಾಡಲು ಖಜಾನೆಯ ಉನ್ನತಾಧಿಕಾರಿಯೊಬ್ಬರ ಒಪ್ಪಿಗೆ ಬೇಕೆಂದು 1984ರ ಕಾಯಿದೆ ಹೇಳುತ್ತದೆ. 1998ರಲ್ಲಿ ಇಲಾಖೆಯನ್ನು ಹೊಸದಾಗಿ ಜೋಡಿಸುವಾಗ ಆ ಒಪ್ಪಿಗೆ ಕೊಡುತ್ತಿದ್ದ ಹಳೆಯ ಪ್ರಾದೇಶಿಕ ಆಯುಕ್ತರ ಹುದ್ದೆಯೇ ಹೋಯಿತು. ಮಿನೆಸೋಟದ ಒಂದು ಚರ್ಚು ಕೋರ್ಟಿಗೆ ಹೋಗಿ, ನಮ್ಮ ತಪಾಸಣೆಗೆ ಸಹಿ ಹಾಕಿದವರಿಗೆ ಅಷ್ಟು ದೊಡ್ಡ ಅಧಿಕಾರವಿಲ್ಲ ಎಂದು ವಾದಿಸಿ 2009ರಲ್ಲಿ ಗೆದ್ದಿತು. ಅಲ್ಲಿಂದ ಕೆಲವು ವರ್ಷ ಚರ್ಚುಗಳ ತಪಾಸಣೆ ಹೆಚ್ಚುಕಡಿಮೆ ನಿಂತೇಹೋಯಿತು. ಕಡತದಲ್ಲಿ ಸರಿಯಾದ ಸಹಿ ಇಲ್ಲದೆ ಕೆಲಸ ನಿಲ್ಲುವುದು ನಮ್ಮ ತಾಲೂಕು ಕಚೇರಿಯಲ್ಲಿ ಮಾತ್ರ ಎಂದುಕೊಂಡಿದ್ದವರು ಕೇಳಿಸಿಕೊಳ್ಳಿ.

ಸರಕಾರ ಬಿಟ್ಟ ಕೆಲಸವನ್ನು ಡಲ್ಲಾಸಿನ ಟ್ರಿನಿಟಿ ಫೌಂಡೇಶನ್ ಎಂಬ ಪುಟ್ಟ ಕ್ರೈಸ್ತ ಗುಂಪು ಹಿಡಿಯಿತು. ಬೀದಿಯಲ್ಲಿದ್ದವರನ್ನು ತಮ್ಮ ಮನೆಗೇ ಕರೆತಂದು ಸಾಕುತ್ತಿದ್ದ ಜನ. ಟೀವಿ ಬೋಧಕರಿಗೆ ಇದ್ದಬದ್ದದ್ದನ್ನೆಲ್ಲ ಕೊಟ್ಟು ಬರಿಗೈಯಾದವರನ್ನು ಕಂಡು ಈ ದಾರಿಗಿಳಿದರು. 1991ರಲ್ಲಿ ರಾಬರ್ಟ್ ಟಿಲ್ಟನ್ ಎಂಬವರಿಗೆ ಜನ ಹಣದ ಜೊತೆ ಬರೆದು ಕಳಿಸಿದ್ದ ಪ್ರಾರ್ಥನೆಯ ಕೋರಿಕೆಗಳು ಕಸದ ಡಬ್ಬಿಯಲ್ಲಿ ಸಿಕ್ಕ ಸುದ್ದಿ ಎಬಿಸಿ ಟೀವಿಯಲ್ಲಿ ಬಂದದ್ದು ಇವರ ನೆರವಿನಿಂದ. ಈಗ ಬೋಧಕರ ಜೆಟ್ಟುಗಳು ಎಲ್ಲೆಲ್ಲಿ ಹಾರುತ್ತವೆಂದು ಜಾಡು ಹಿಡಿಯುತ್ತಾರೆ.

ಕೊಡುವವರು ಪೆದ್ದರು ಎಂದು ನಗುವವರಿಗೆ ನನ್ನ ಪಕ್ಕದ ಮನೆಯ ಅಜ್ಜಿಯನ್ನು ತೋರಿಸಬೇಕು. ಶಾಲಾ ಬಸ್ ಓಡಿಸಿ ನಿವೃತ್ತಳಾದವಳು, ಒಬ್ಬಳೇ ಇದ್ದಾಳೆ. ಪಿಂಚಣಿ ಬಂದ ವಾರ ಒಂದು ಟೀವಿ ಸಂಸ್ಥೆಗೆ ಚೆಕ್ಕು ಹೋಗುತ್ತದೆ. ಅಲ್ಲಿಂದ ಪ್ರಾರ್ಥನೆ ಮಾಡಿದ ಬಟ್ಟೆಯ ತುಂಡು, ಎಣ್ಣೆಯ ಪೊಟ್ಟಣ, ಮುಂದಿನ ಚೆಕ್ಕಿಗೆ ಲಕೋಟೆ ಬರುತ್ತವೆ. ಕಾಗದದ ನಡುನಡುವೆ ಅವಳ ಹೆಸರು ಅಚ್ಚಾಗಿರುತ್ತದೆ. "ಅದು ಕಂಪ್ಯೂಟರ್ ಹಾಕಿದ ಹೆಸರು ಎಂದು ನನಗೆ ಗೊತ್ತು. ಹುಟ್ಟುಹಬ್ಬಕ್ಕೆ ಕಾರ್ಡ್ ಬರುವುದೂ ಅವರಿಂದ ಮಾತ್ರ" ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಬಡ ವಿಧವೆ ಎರಡು ಕಾಸು ಹಾಕಿದ ಕಥೆಯನ್ನು ಆ ಚಾನೆಲ್ಲಿನಲ್ಲಿ ಪದೇಪದೇ ಹೇಳುತ್ತಾರೆ. ಮಾರ್ಕನ ಸುವಾರ್ತೆಯಲ್ಲಿ ಅದಕ್ಕೆ ತುಸು ಮೊದಲೇ, ವಿಧವೆಯರ ಮನೆಗಳನ್ನು ನುಂಗಿ ಉದ್ದುದ್ದ ಪ್ರಾರ್ಥನೆ ಮಾಡುವವರ ಬಗ್ಗೆ ಯೇಸು ಎಚ್ಚರಿಸಿದ ಮಾತಿದೆ. ಅದನ್ನು ಅವರು ಓದಿದ್ದು ನಾನು ಕೇಳಿಲ್ಲ.

ನಮ್ಮ ಊರಿನ ಸಭೆಯಲ್ಲಿ ವರ್ಷಕ್ಕೊಮ್ಮೆ ಆರಾಧನೆಯಾದ ಮೇಲೆ ಲೆಕ್ಕ ಓದುತ್ತಿದ್ದರು. ಕೃತಜ್ಞತಾ ಹಬ್ಬಕ್ಕೆ ತಂದ ಬಾಳೆಗೊನೆ, ಸೌತೆಕಾಯಿ, ಕೋಳಿ ಎಲ್ಲ ಹರಾಜಾಗಿ ಎಷ್ಟು ಬಂತು, ಮಾಡಿನ ಹಂಚಿಗೆ ಎಷ್ಟು ಹೋಯಿತು. ಹಿಂದಿನ ಬೆಂಚಿನ ಒಬ್ಬ ಮುದುಕರು ಪ್ರತಿ ವರ್ಷ ಎದ್ದು ನಿಂತು ಖಜಾಂಚಿಯನ್ನು ಗೋಳುಹೊಯ್ದುಕೊಳ್ಳುತ್ತಿದ್ದರು. ಊಟಕ್ಕೆ ಹೊತ್ತಾಗುತ್ತದೆಂದು ನಮಗೆಲ್ಲ ಅವರ ಮೇಲೆ ಕೋಪ. ನಮ್ಮ ಸಭೆಗಳಲ್ಲಿ ಜಗಳವೇ ಇಲ್ಲ, ಆಸ್ತಿಯ ಕೇಸುಗಳೇ ಇಲ್ಲ ಎಂದರೆ ಊರಿನವರೇ ನಕ್ಕಾರು. ಆದರೂ ಎದ್ದು ಕೇಳುವ ಹಕ್ಕು ಆ ಮುದುಕರಿಗಿತ್ತು. ಇಲ್ಲಿನ ಟೀವಿ ಸಭೆಗೆ ಹಿಂದಿನ ಬೆಂಚೇ ಇಲ್ಲ. ನೋಡುಗರಿಗೆ ಮತವಿಲ್ಲ, ಎಷ್ಟೋ ಕಡೆ ಮಂಡಳಿಯಲ್ಲಿ ಹೆಂಡತಿ, ಮಗ, ಅಳಿಯ.

ಸರಕಾರ ನುಗ್ಗಿ ಎಲ್ಲ ಚರ್ಚುಗಳ ಲೆಕ್ಕ ತೆಗೆಯಲಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಅಲ್ಪಸಂಖ್ಯಾತಳಾಗಿ ಬೆಳೆದವಳು ನಾನು. ಪ್ರಾರ್ಥನಾ ಮನೆಯೊಳಗೆ ಅಧಿಕಾರಿಯ ಕಾಲು ಒಮ್ಮೆ ಬಿದ್ದರೆ ಅದು ಲೆಕ್ಕದ ಪುಸ್ತಕದ ಬಳಿಯೇ ನಿಲ್ಲುತ್ತದೆಂದು ನಂಬುವುದು ಕಷ್ಟ. ಆದರೆ ದಿನಸಿ ಹಂಚುವವರಿಗೆ ಇರುವ ಒಂದು ಫಾರ್ಮು, ಕೋಟಿಗಟ್ಟಲೆ ಎತ್ತುವ ಟೀವಿ ಸಂಸ್ಥೆಗೂ ಇದ್ದರೆ ಯಾರ ನಂಬಿಕೆಗೂ ಗಾಯವಾಗದು.

ಇದು ಅಮೆರಿಕದವರ ತಲೆನೋವೆಂದು ಊರಿನವರು ಸುಮ್ಮನಿರುವಂತಿಲ್ಲ. ಬೆನ್ನಿ ಹಿನ್ 2005ರ ಜನವರಿಯಲ್ಲಿ ಜಕ್ಕೂರಿನ ವಿಮಾನ ನೆಲೆಗೆ ಬಂದಾಗ ಸೇರಿದ ಜನ, ಎದ್ದ ಪ್ರತಿಭಟನೆ ಬೆಂಗಳೂರಿನವರಿಗೆ ನೆನಪಿರಬೇಕು. ಕೊಟ್ಟವರಿಗೆ ದೇವರು ಸಿರಿ ಕೊಡುತ್ತಾನೆಂಬ ತಮ್ಮ ಸಮೃದ್ಧಿಯ ಬೋಧನೆ ಅತಿಯಾಗಿತ್ತೆಂದು 2019ರಲ್ಲಿ ಅವರೇ ಹೇಳಿದರು. ಅಷ್ಟರೊಳಗೆ ಆ ಧಾಟಿ ನಮ್ಮ ಭಾಷೆಗಳಿಗೂ ಇಳಿದಿತ್ತು. ಈಗ ಉಡುಪಿಯ ನನ್ನ ಚಿಕ್ಕಮ್ಮನ ಮೊಬೈಲಿನಲ್ಲೂ ಬೋಧನೆಯ ಕೆಳಗೆ ಕ್ಯೂಆರ್ ಕೋಡ್ ಬರುತ್ತದೆ. "ಕೊಡುವುದಾ ಮಾರಾಯ್ತಿ?" ಎಂದು ಕೇಳಿದಳು. ಕೊಡುವ ಮೊದಲು ಮೂರು ವಿಷಯ ವಿಚಾರಿಸು ಎಂದೆ: ಆಡಳಿತ ಮಂಡಳಿಯಲ್ಲಿ ಮನೆಯವರಲ್ಲದವರು ಎಷ್ಟು ಜನ, ಬೋಧಕರ ಸಂಬಳ ಗೊತ್ತುಮಾಡುವವರು ಯಾರು, ಹೋದ ವರ್ಷದ ಆಡಿಟ್ ವರದಿ ಎಲ್ಲಿ ಸಿಗುತ್ತದೆ. ಪರದೆಯ ಮೇಲಿದ್ದ ನಂಬರಿಗೆ ಅವಳು ಫೋನ್ ಮಾಡಿಯೇ ಬಿಟ್ಟಳು. ಎತ್ತಿದ ಹುಡುಗ ಮೊದಲು ಅವಳಿಗಾಗಿ ಪ್ರಾರ್ಥನೆ ಮಾಡಿದನಂತೆ, ಆಮೇಲೆ ದೊಡ್ಡವರನ್ನು ಕೇಳಿ ತಿಳಿಸುತ್ತೇನೆಂದನಂತೆ. ಇನ್ನೂ ತಿಳಿಸಿಲ್ಲ. ಚಿಕ್ಕಮ್ಮ ಬ್ಯಾಂಕಿನಲ್ಲಿ ಕ್ಯಾಶ್ ಕೌಂಟರಿನಲ್ಲಿ ಕೂತು ನಿವೃತ್ತಳಾದವಳು, ಸೋಮವಾರ ಮತ್ತೆ ಫೋನ್ ಮಾಡುತ್ತಾಳಂತೆ.