ಹತ್ತು ಮಿಲಿಮೀಟರ್ ರಂಧ್ರ: ಶಾಲಾ ಕಾರ್ಯಾಗಾರ ಯೋಜನೆಯ ಪ್ರಗತಿ

ನಮ್ಮೂರಿನ ಪ್ರೌಢಶಾಲೆಯ ಟಿಂಕರಿಂಗ್ ಪ್ರಯೋಗಾಲಯದಲ್ಲಿ (ಮಕ್ಕಳು ಕೈಯಾರೆ ಮಾಡಿ ಕಲಿಯುವ ಕೊಠಡಿ) ಈ ಶೈಕ್ಷಣಿಕ ವರ್ಷ ಕೈಗೊಂಡಿರುವ ಯೋಜನೆಗೆ ಒಂದೇ ಉದ್ದೇಶವಿದೆ. ಮಕ್ಕಳು ಒಂದು ಬಿಡಿಭಾಗವನ್ನು ತಯಾರಿಸಿದರೆ ಸಾಲದು, ಅದು ಡ್ರಾಯಿಂಗ್‌ಗೆ, ಅಂದರೆ ಅಳತೆ ನಮೂದಿಸಿದ ನಕ್ಷೆಗೆ, ಸರಿಯಾಗಿ ಬಂದಿದೆಯೇ ಎಂಬುದನ್ನು ತಾವೇ ಅಳೆದು ತೀರ್ಮಾನಿಸಬೇಕು. ಕೇಂದ್ರ ಸರ್ಕಾರದ ಅಟಲ್ ಇನ್ನೋವೇಶನ್ ಮಿಷನ್ 2016ರಲ್ಲಿ ಆರಂಭವಾದ ಮೇಲೆ 6ರಿಂದ 12ನೇ ತರಗತಿಯ ಮಕ್ಕಳಿಗಾಗಿ ದೇಶದ ಸಾವಿರಾರು ಶಾಲೆಗಳಿಗೆ ಇಂತಹ ಪ್ರಯೋಗಾಲಯಗಳು ಬಂದಿವೆ. ಒಂದು ಶಾಲೆಗೆ 20 ಲಕ್ಷ ರೂಪಾಯಿಯವರೆಗೆ ಅನುದಾನವೂ ಇದೆ. ಸೆನ್ಸರ್, ಮೋಟಾರು, 3ಡಿ ಪ್ರಿಂಟರ್‌ಗಳನ್ನು ಮಕ್ಕಳು ಬಹುಬೇಗ ಕಲಿಯುತ್ತಾರೆ. ಆದರೆ ಟೂಲ್‌ರೂಮಿನಲ್ಲಿ (ಕಾರ್ಖಾನೆಗೆ ಬೇಕಾದ ಅಚ್ಚು, ಉಪಕರಣಗಳನ್ನು ತಯಾರಿಸುವ ವಿಭಾಗ) ಕೆಲಸ ಮಾಡಿದವನಾಗಿ ನನಗೆ ಎದ್ದು ಕಾಣುವ ಕೊರತೆಯೆಂದರೆ ಅಳತೆಯ ಅಭ್ಯಾಸ.

ಮೊದಲ ಹಂತಕ್ಕೆ ಸರಳವಾದ ಕೆಲಸವನ್ನೇ ಆರಿಸಿಕೊಂಡೆವು: 10 ಮಿ.ಮೀ. ರಂಧ್ರವಿರುವ ಒಂದು ಬ್ಲಾಕು, ಅದರಲ್ಲಿ ಸಲೀಸಾಗಿ ಜಾರುವ ಒಂದು ಪಿನ್ನು. ಪ್ರಿಂಟರ್‌ನಿಂದ ಬಂದ ಬ್ಲಾಕಿನೊಳಗೆ ಪಿನ್ನು ಇಳಿಯಲೇ ಇಲ್ಲ. ಕರಗಿದ ಪ್ಲಾಸ್ಟಿಕ್ ದುಂಡಗಿನ ಅಂಚಿನಲ್ಲಿ ಒಳಕ್ಕೆ ಎಳೆದುಕೊಳ್ಳುತ್ತದೆ, ಆರುವಾಗ ಕುಗ್ಗುತ್ತದೆ. ಹೀಗಾಗಿ ರಂಧ್ರ ಡ್ರಾಯಿಂಗ್‌ನಲ್ಲಿರುವುದಕ್ಕಿಂತ ಚಿಕ್ಕದಾಗಿ ಬರುವುದು ಸಾಮಾನ್ಯ. ಮಕ್ಕಳು ಕೂಡಲೇ ಮರಳು ಕಾಗದ ಹಿಡಿದಾಗ ಅವರನ್ನು ತಡೆದು, ಬೇರೆ ಬೇರೆ ವ್ಯಾಸದ ರಂಧ್ರಗಳನ್ನು ಪ್ರಿಂಟ್ ಮಾಡಿ, ಡ್ರಾಯಿಂಗ್‌ನ ಅಳತೆಯನ್ನೂ ನಿಜವಾಗಿ ಬಂದ ಅಳತೆಯನ್ನೂ ಅಕ್ಕಪಕ್ಕದಲ್ಲಿ ಬರೆದಿಡಲು ಹೇಳಿದೆ. ಡ್ರಾಯಿಂಗ್‌ನಲ್ಲಿ ಎಷ್ಟು ಹೆಚ್ಚಿಸಬೇಕೆಂಬುದನ್ನು ಅವರೇ ಆ ಪಟ್ಟಿಯಿಂದ ಕಂಡುಕೊಂಡರು.

ಎರಡನೆಯ ಹಂತದಲ್ಲಿ, ಹತ್ತಿರದ ಪಾಲಿಟೆಕ್ನಿಕ್‌ನ ಡಿಪ್ಲೊಮಾ ವಿದ್ಯಾರ್ಥಿಗಳ ನೆರವಿನಿಂದ ಅದೇ ಬ್ಲಾಕನ್ನು ಉಕ್ಕಿನಲ್ಲಿ ಮಾಡಿದೆವು. ಮಾರ್ಕಿಂಗ್ ಮಾಡಿ, ಡ್ರಿಲ್ ಜಾರದಂತೆ ಸೆಂಟರ್ ಪಂಚ್‌ನಿಂದ ಚಿಕ್ಕ ಗುಳಿ ಹೊಡೆದು, 9.8 ಮಿ.ಮೀ. ಡ್ರಿಲ್ ಹಾಕಿ, ಕೊನೆಗೆ 10 ಮಿ.ಮೀ. ರೀಮರ್ (ರಂಧ್ರವನ್ನು ನಿಖರ ಅಳತೆಗೆ ತರುವ ಉಪಕರಣ) ಆಡಿಸಿದೆವು. ಡ್ರಿಲ್ಲಿಂಗ್ ಯಂತ್ರವನ್ನು ದೊಡ್ಡ ವಿದ್ಯಾರ್ಥಿಗಳೇ ನಡೆಸಿದರು. ಸುರಕ್ಷತಾ ಕನ್ನಡಕ ಧರಿಸದವರಿಗೆ ಹತ್ತಿರ ಪ್ರವೇಶವಿರಲಿಲ್ಲ.

ಡ್ರಾಯಿಂಗ್‌ನಲ್ಲಿ ರಂಧ್ರಕ್ಕೆ ಎಚ್7 ಎಂಬ ಮಿತಿ ಸಂಕೇತ ಕೊಟ್ಟಿದ್ದೆವು, ಅಂದರೆ 10.000ರಿಂದ 10.015 ಮಿ.ಮೀ. ಒಳಗೆ ಎಲ್ಲಿದ್ದರೂ ರಂಧ್ರ ಸರಿ. ಇಲ್ಲಿಯೇ ಇಡೀ ಯೋಜನೆಯ ಅತ್ಯಂತ ಒಳ್ಳೆಯ ಚರ್ಚೆ ನಡೆಯಿತು. ಶಾಲೆಯಲ್ಲಿರುವ ವರ್ನಿಯರ್ ಕ್ಯಾಲಿಪರ್‌ನ ಅತಿ ಚಿಕ್ಕ ಅಳತೆ 0.02 ಮಿ.ಮೀ.; ಅಂದರೆ ನಮಗೆ ಅನುಮತಿಯಿರುವ ವ್ಯತ್ಯಾಸಕ್ಕಿಂತ ಅಳೆಯುವ ಸಾಧನದ ಒಂದು ಗೆರೆಯೇ ದೊಡ್ಡದು. ‘ಹಾಗಾದರೆ ಇದರಿಂದ ಹೇಗೆ ಹೇಳುವುದು, ಸರ್?’ ಎಂದು ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು. ಈ ಪ್ರಶ್ನೆ ಮೂಡಿದ ಮೇಲಷ್ಟೇ ನಾನು ಗೋ-ನೋಗೋ ಪ್ಲಗ್ ಗೇಜನ್ನು ಹೊರತೆಗೆದೆ. ಅದರ ಎರಡು ತುದಿಗಳು ರಂಧ್ರದ ಕನಿಷ್ಠ ಮತ್ತು ಗರಿಷ್ಠ ಮಿತಿಗಳ ಅಳತೆಯವು: ಒಂದು ತುದಿ ಒಳಹೋಗಬೇಕು, ಇನ್ನೊಂದು ಹೋಗಬಾರದು. ಓದುವ ಸಂಖ್ಯೆಯೇ ಇಲ್ಲದ ಈ ಸಾಧನ ಕಾರ್ಖಾನೆಗಳಲ್ಲಿ ಏಕೆ ಬೇಕಾಗುತ್ತದೆ ಎಂಬುದನ್ನು ವಿವರಿಸುವ ಅಗತ್ಯವೇ ಬರಲಿಲ್ಲ.

ಪಿನ್ನಿನ ವ್ಯಾಸವನ್ನು ಮೈಕ್ರೊಮೀಟರ್‌ನಿಂದ ಪ್ರತಿಯೊಬ್ಬರೂ ಬೇರೆಯಾಗಿ ಅಳೆದು, ಇತರರಿಗೆ ತೋರಿಸದೆ ಬರೆದಾಗ ಉತ್ತರಗಳು ಒಂದೇ ಆಗಿರಲಿಲ್ಲ. ಕೈಯ ಒತ್ತಡವೇ ಕಾರಣವೆಂದು ತಿಳಿದು, ರ‍್ಯಾಚೆಟ್ (ನಿಗದಿತ ಒತ್ತಡ ಮೀರಿದರೆ ಜಾರುವ ಹಿಡಿ) ತಿರುಗಿಸಿ ಅಳೆಯುವುದನ್ನು ರೂಢಿಸಿಕೊಂಡ ಮೇಲೆ ವ್ಯತ್ಯಾಸ ಬಹಳ ಕಡಿಮೆಯಾಯಿತು.

ಪಾಲಿಟೆಕ್ನಿಕ್ ವಿದ್ಯಾರ್ಥಿಗಳ ಜೊತೆ ಮಾತನಾಡಿದಾಗ ಸ್ಪಷ್ಟವಾದ ಸಂಗತಿಯೆಂದರೆ, ಅವರು ಫಿಟ್ಟಿಂಗ್ ವಿಭಾಗದಲ್ಲಿ ಅರ ಉಜ್ಜಿ ಮಾಡಿದ ವಸ್ತು ಮಾಪನ ಪ್ರಯೋಗಾಲಯದ ಮೇಜಿಗೆ ಬರುವುದೇ ಇಲ್ಲ. ಅಲ್ಲಿ ಅಳೆಯುವುದು ಬೇರೆ ಯಾವುದೋ ಸಿದ್ಧ ಮಾದರಿಯನ್ನು. ಎರಡೂ ಪಾಠಗಳನ್ನು ಒಂದೇ ವಸ್ತುವಿನ ಮೇಲೆ ನಡೆಸಲು ಹೊಸ ಯಂತ್ರವಾಗಲಿ ಹೆಚ್ಚಿನ ಹಣವಾಗಲಿ ಬೇಕಿಲ್ಲ, ವೇಳಾಪಟ್ಟಿಯಲ್ಲಿ ಸಣ್ಣ ಬದಲಾವಣೆ ಸಾಕು ಎಂಬುದು ನನ್ನ ದೃಢ ಅಭಿಪ್ರಾಯ. ಡೆನ್ಮಾರ್ಕ್‌ನ ಸಹಕಾರದಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಟೂಲ್‌ರೂಮ್ ಮತ್ತು ತರಬೇತಿ ಕೇಂದ್ರದಲ್ಲಿ ಉತ್ಪಾದನೆ ಮತ್ತು ಬೋಧನೆಗಳು ಒಂದೇ ಸೂರಿನಡಿ ಇರುವುದನ್ನು ಕಂಡವರಿಗೆ ಇದು ಹೊಸ ವಿಚಾರವೇನಲ್ಲ.

ಮುಂದಿನ ಹಂತದಲ್ಲಿ ಎಂ6 (6 ಮಿ.ಮೀ. ವ್ಯಾಸದ) ಸ್ಕ್ರೂ ಇರುವ ಚಿಕ್ಕ ಕ್ಲ್ಯಾಂಪನ್ನು ತಯಾರಿಸಲಿದ್ದೇವೆ. ಅದಕ್ಕೆ 5 ಮಿ.ಮೀ. ಡ್ರಿಲ್ ಮತ್ತು ರಂಧ್ರದೊಳಗೆ ಸ್ಕ್ರೂ ಎಳೆ ಕೊರೆಯುವ ಟ್ಯಾಪ್ ಸೆಟ್ ಈಗಾಗಲೇ ಬಂದಿವೆ. ಒಂದು ತಂಡ ಮಾಡಿದ ಭಾಗವನ್ನು ಮತ್ತೊಂದು ತಂಡ ಅಳೆದು ಸಹಿ ಹಾಕಬೇಕು. ಸಹಿಯಿಲ್ಲದ ಭಾಗ ಜೋಡಣೆಯ ಮೇಜಿಗೆ ಹೋಗುವುದಿಲ್ಲ.